ಕೊನೆಯವರ ಸೌಟು

ಗೋವಾದಿಂದ ಹೊರಟ ವಿಮಾನ ಮಂಜಿನ ದೆಸೆಯಿಂದ ಅರ್ಧ ಗಂಟೆ ಆಕಾಶದಲ್ಲೇ ಸುತ್ತು ಹೊಡೆದು ದುಬೈಯಲ್ಲಿ ಇಳಿಯಿತು. ಅದು 2016ರ ಜನವರಿ. ನನ್ನ ಚೀಲದಲ್ಲಿ ಎರಡು ಡಜನ್ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ತಲೆಯಲ್ಲಿ ಅಕ್ಕನ ಒಂದೇ ಮಾತು. "ಆ ಬರೇ ಸೋಲೋ ತಂಡ ಬಿಡು ಅಂತ ಅವಂಗ ಹೇಳಿ ಬಾ. ನಿನ್ನ ಮಾತು ಕೇಳ್ತಾನ."

ಅವನು ಎಂದರೆ ಅಕ್ಕನ ಮಗ ಬಸು. ಇಂಗ್ಲೆಂಡಿನ ಒಂದು ವೃತ್ತಿಪರ ರಗ್ಬಿ ಲೀಗ್ ತಂಡದಲ್ಲಿ ಫಿಸಿಯೋಥೆರಪಿಸ್ಟ್. ಆ ತಂಡ ಹಿಂದಿನ ವರ್ಷ ಕಟ್ಟಕಡೆಯ ಸ್ಥಾನಕ್ಕೆ ಬಿದ್ದಿತ್ತು. ಅಲ್ಲಿಯ ಚಳಿ ತಪ್ಪಿಸಿ ತಯಾರಿ ನಡೆಸಲು ಹತ್ತು ದಿನದ ಮಟ್ಟಿಗೆ ಅಬುಧಾಬಿಗೆ ಬಂದಿತ್ತು. ಅದೇ ಊರಿನ ಆಸ್ಪತ್ರೆಯೊಂದು ಬಸುವನ್ನು ಕೆಲಸಕ್ಕೆ ಕರೆದಿತ್ತು. ಗುರುವಾರದೊಳಗೆ ಅವನು ಉತ್ತರ ಹೇಳಬೇಕು. ನಾನು ಇಳಿದದ್ದು ಸೋಮವಾರ.

ದುಬೈಯ ಘುಬೈಬಾ ಬಸ್ ನಿಲ್ದಾಣದಿಂದ ಅಬುಧಾಬಿಗೆ ಬಸ್ಸಿನಲ್ಲಿ ಇಪ್ಪತ್ತೈದು ದಿರ್ಹಂ, ಎರಡು ಗಂಟೆಯ ದಾರಿ. ಮುಂದಿನ ಸೀಟುಗಳು ಹೆಂಗಸರಿಗೆ. ಪಕ್ಕದಲ್ಲಿ ಕೂತಿದ್ದ ಭಟ್ಕಳದ ಹೆಂಗಸು ಖರ್ಜೂರ ಕೊಟ್ಟು ವಿಚಾರಿಸಿದರು. "ಟೀಮಿನ ಡಾಕ್ಟ್ರಾ ನಿಮ್ಮ ಹುಡುಗ? ಮಾಶಾಲ್ಲಾ! ಎಷ್ಟನೇ ನಂಬರಲ್ಲಿ ಉಂಟು ಟೀಮು?"

"ಮೊದಲ ನಾಕರಾಗ ಐತ್ರಿ," ಎಂದುಬಿಟ್ಟೆ. ಮೂವತ್ತು ವರ್ಷ ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸಿದವಳು, ನಿಜ ಹೇಳಲು ನಾಲಿಗೆ ಏಳಲಿಲ್ಲ. ಮುಂದಿನ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತ ಕುಳಿತೆ.

ಅಬುಧಾಬಿಯ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಬಸು ನನಗಾಗಿ ಪರಿಚಯದವರ ಮನೆಯ ಕೋಣೆಯೊಂದನ್ನು ಗೊತ್ತುಮಾಡಿದ್ದ. ಮಂಗಳವಾರ ಬೆಳಿಗ್ಗೆ ಕಾರಿನಲ್ಲಿ ಖಲೀಫಾ ಸಿಟಿಯ ಹತ್ತಿರದ ಮೈದಾನಕ್ಕೆ ಕರೆದೊಯ್ದ. ಹವೆ ನಮ್ಮ ಕಾರ್ತಿಕ ಮಾಸದಂತೆ ಹಿತವಾಗಿತ್ತು. ಆಟ ನೋಡಿ ನನಗೆ ಕಬಡ್ಡಿಯ ನೆನಪಾಯಿತು. ಚೆಂಡು ಹಿಡಿದು ನುಗ್ಗಿದವನನ್ನು ಎದುರಿನವರು ಹಿಡಿದು ಕೆಡವುತ್ತಾರೆ. ಆರನೆಯ ಸಲ ಕೆಡವಿದರೆಂದರೆ ಚೆಂಡು ಅವರ ಪಾಲು. ಬಸು ಒಬ್ಬೊಬ್ಬರ ಕಾಲಿಗೂ ಪಟ್ಟಿ ಸುತ್ತುತ್ತ ಕೂತಿದ್ದ.

ಎಡವಟ್ಟಾದದ್ದು ಮಧ್ಯಾಹ್ನದ ಊಟದಲ್ಲಿ. ಡೇರೆಯೊಳಗೆ ಅನ್ನ, ಬೇಳೆ, ಕೋಳಿಯ ಪಾತ್ರೆಗಳು. ಪಕ್ಕದಲ್ಲಿ ಮೊಳದುದ್ದದ ಮರದ ಸೌಟು. ಆಟಗಾರರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು, ಬಡಿಸುವವರೇ ಇಲ್ಲ. ನಮ್ಮ ಕಡೆಯ ಹೆಂಗಸು ಇದನ್ನು ನೋಡಿ ಸುಮ್ಮನಿರುವುದುಂಟೇ? ಸೆರಗು ಸಿಕ್ಕಿಸಿ ಸೌಟು ಎತ್ತಿಕೊಂಡೆ. ಡೇರೆಗೆ ಡೇರೆಯೇ ಗಪ್ಪಾಯಿತು.

ಬಸು ಓಡಿ ಬಂದ. "ಚಿಗವ್ವ, ಇಡು, ಇಡು! ಅದು ಕಡೀಗೆ ಬಂದಾವಂದು."

ಕೊನೆಯ ಸ್ಥಾನ ಪಡೆದ ತಂಡಕ್ಕೆ ಮರದ ಸೌಟು ಸಿಕ್ಕಿತು ಎಂದು ಗೇಲಿ ಮಾಡುವುದು ಅವರ ಆಟದ ರೂಢಿಯಂತೆ. ಋತುವಿನ ಕೊನೆಯ ಪಂದ್ಯದ ದಿನ ಎದುರು ತಂಡದ ಅಭಿಮಾನಿಯೊಬ್ಬ ನಿಜವಾದ ಸೌಟನ್ನೇ ಇವರ ಬಸ್ಸಿನ ಮುಂದೆ ಎಸೆದಿದ್ದ. ನಾಯಕ ಅದನ್ನು ಎತ್ತಿಟ್ಟುಕೊಂಡ. ಅಂದಿನಿಂದ ಬೆಳಗಿನ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವನು ಆ ಸೌಟಿನಿಂದ ಎಲ್ಲರಿಗೂ ಬಡಿಸಿ, ತಾನು ಕೊನೆಗೆ ಉಣ್ಣಬೇಕು.

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ನಾಯಕ, ಜಜ್ಜಿದ ಬೆಳ್ಳುಳ್ಳಿಯಂಥ ಕಿವಿಯ ದೈತ್ಯ, ನಕ್ಕು ಏನೋ ಹೇಳಿದ. "ಸೌಟು ಬೇಕಂದ್ರ ನಾಳೆ ನೀನೂ ಓಡಬೇಕಂತ," ಎಂದ ಬಸು.

ಓಡು ಎಂದು ನನಗೇ ಹೇಳುವುದೇ? ಬುಧವಾರ ಬೆಳಿಗ್ಗೆ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಿಂತೆ. ನನ್ನ ಪಾಲಿಗೆ ಎರಡು ಸುತ್ತು, ಅವರಿಗೆ ಆರು. ಅವರು ಆರು ಮುಗಿಸಿದಾಗ ನನ್ನದು ಒಂದೂವರೆ. ಏದುಸಿರು ಬಿಡುತ್ತ ತಿರುವಿನಲ್ಲಿ ತಲೆಯೆತ್ತಿ ನೋಡಿದರೆ ಒಬ್ಬನೂ ಕೂತಿರಲಿಲ್ಲ, ಒಬ್ಬನೂ ನೀರು ಮುಟ್ಟಿರಲಿಲ್ಲ. ಅಷ್ಟೂ ಜನ ಗೆರೆಯ ಹತ್ತಿರ ನಿಂತು ನನ್ನ ದಾರಿ ಕಾಯುತ್ತಿದ್ದರು.

ನನ್ನ ಶಾಲೆಯಲ್ಲಿ ಮೂರನೆಯವಳು ಗೆರೆ ಮುಟ್ಟಿದಳೆಂದರೆ ನಾನು ಸೀಟಿಯನ್ನು ಚೀಲಕ್ಕೆ ಹಾಕಿಕೊಂಡು ಬಹುಮಾನದ ಮೇಜಿನತ್ತ ಹೊರಟುಬಿಡುತ್ತಿದ್ದೆ. ಕೊನೆಗೆ ಬಂದ ಒಬ್ಬ ಹುಡುಗಿಯ ಹೆಸರೂ ನನಗೆ ನೆನಪಿಲ್ಲ. ಗೆರೆ ದಾಟುವಾಗ ಕಣ್ಣಲ್ಲಿ ನೀರು ಬಂತು, ಬೆವರೆಂದು ಒರೆಸಿಕೊಂಡೆ.

ಮಧ್ಯಾಹ್ನ ಊಟದ ಹೊತ್ತಿಗೆ ನಾಯಕ ಎರಡೂ ಕೈಯಲ್ಲಿ ಸೌಟು ಹಿಡಿದು ಕೊಟ್ಟ. ನಾನು ಒತ್ತಾಯ ಮಾಡಿ ಮಾಡಿ ಬಡಿಸಿದೆ, ಮೇಲೊಂದೊಂದು ರೊಟ್ಟಿ. ಎಲ್ಲರದೂ ಮುಗಿದ ಮೇಲೆ ಕೂತಾಗ ಬಸುವೂ ತಟ್ಟೆ ತಂದು ಪಕ್ಕದಲ್ಲಿ ಕೂತ.

"ನೀ ಯಾಕ ಇನ್ನೂ ಉಂಡಿಲ್ಲ?"

"ಕಡೀದಾವನ ಜೋಡಿ ದಿನಾ ನಾನ ಉಣ್ತೀನಿ. ಒಬ್ಬಾವನ ಕುಂತು ಉಂಡ್ರ ಗಂಟಲದಾಗ ಇಳಿಯಂಗಿಲ್ಲ, ಚಿಗವ್ವ."

"ಆಸ್ಪತ್ರಿಯವ್ರಿಗೆ ಏನ್ ಹೇಳ್ತಿ?"

ಅವನು ಅನ್ನ ಕಲಸುತ್ತ ತಲೆ ತಗ್ಗಿಸಿದ. "ಈಗ ಬಿಟ್ಟು ಹ್ವಾದ್ರ ಮುಂದ ಇವರು ಗೆದ್ದಾಗ ಯಾವ ಮುಖ ಇಟ್ಕೊಂಡು ನೋಡ್ಲಿ? ಆದ್ರ ಅವ್ವ..."

"ಅವ್ವಗ ನಾ ಹೇಳ್ತೀನಿ. ನೀ ಬಿಡಬ್ಯಾಡ."

ಹೇಳಲು ಬಂದದ್ದು ಒಂದು, ಹೇಳಿದ್ದು ಇನ್ನೊಂದು. ಆದರೆ ಆ ಹುಡುಗನನ್ನು ಎತ್ತಿ ಆಡಿಸಿದ ಕೈ ಇದು ಎಂದು ನನಗೆ ಅಂದು ಆದಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ವಾಪಸು ದುಬೈಗೆ ಹೋಗುವ ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ ನಮ್ಮದು ಕೊನೆಯ ನಂಬರಿನ ತಂಡ ಎಂದು ಹೇಳಿಕೊಂಡು ಬಂದೆ.

ಹುಬ್ಬಳ್ಳಿಯ ತನ್ನ ಮನೆಯಲ್ಲಿ ಅಕ್ಕ ಸಿಡಿಮಿಡಿಗೊಂಡಿದ್ದಳು. "ಅವನ್ನ ತಿದ್ದಿ ಬಾ ಅಂದ್ರ ನೀನ ಅವನ ಕಡೆ ಆದಿ?" ಎಂದವಳೇ ಅಡುಗೆಮನೆಗೆ ನಡೆದಳು. ಮಧ್ಯಾಹ್ನ ಎಂದಿನಂತೆ ಮನೆಮಂದಿಗೆಲ್ಲ ಬಡಿಸಿದಳು; ತಾನು ಕೊನೆಗೆ ಒಬ್ಬಳೇ ಉಣ್ಣುವುದು ಅವಳ ರೂಢಿ. ನಾನು ಮಾತ್ರ ಕೂರಲಿಲ್ಲ.

"ಯಾಕ, ಹಸಿವಿಲ್ಲೇನ?"

"ನಿನ್ನ ಜೋಡಿ ಉಣ್ತೀನಿ. ನಿನ್ನ ಮಗ ಅಲ್ಲಿ ಕಡೀದಾವನ ಜೋಡೀನ ಉಣ್ತಾನ. ಯಾರನ್ನ ನೋಡಿ ಕಲ್ತಾನ ಅಂತ ತಿಳಕೊಂಡಿ?"

ಅಕ್ಕ ತನ್ನ ಕೈಯಲ್ಲಿದ್ದ ಸೌಟನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎರಡು ತಟ್ಟೆ ಹಾಕಿದಳು.