ಕಂಪ್ಯೂಟರಿಗೆ ಹಾಕಿದ ಅಬ್ಬಿ ನೀರು

ಕಂಪ್ಯೂಟರಿನೊಳಗೆ ನೀರು ಹರಿಸು ಎಂದು ನನಗೆ ಯಾರೂ ಹೇಳಿರಲಿಲ್ಲ. ಅದು ನಾನಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ. ಸಾಗರದಲ್ಲಿ ರಿಪೇರಿ ಅಂಗಡಿ ಇಟ್ಟು ಹದಿನೈದು ವರ್ಷವಾಗಿತ್ತು. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು, ಕೀಬೋರ್ಡಿನ ಸಂದಿಯಿಂದ ಇರುವೆ ಓಡಿಸುವುದು, ಇದನ್ನೇ ಮಾಡಿ ಮಾಡಿ ಬೇಜಾರು ಬಂದಿತ್ತು. ಮೊಬೈಲಿನಲ್ಲಿ ಯಾರ್ಯಾರೋ ಪಾರದರ್ಶಕ ಕೊಳವೆಗಳಲ್ಲಿ ಬಣ್ಣದ ನೀರು ಹರಿಸಿ ಕಂಪ್ಯೂಟರನ್ನು ತಣ್ಣಗಿಡುವುದನ್ನು ನೋಡಿ ನನಗೂ ಹುಚ್ಚು ಹತ್ತಿತು. ಒಮ್ಮೆಯಾದರೂ ಅಂಥದ್ದೊಂದನ್ನು ಕೈಯಾರೆ ಕಟ್ಟಬೇಕು. ಯಾರದ್ದಾದರೂ ಸರಿ.

ಹಾಗೆ ನನ್ನ ಕೈಗೆ ಸಿಕ್ಕವರು ಹೊಸನಗರದ ಒಬ್ಬ ಹೆಣ್ಣುಮಗಳು. ಮದುವೆ, ಉಪನಯನಗಳ ವಿಡಿಯೊಗಳನ್ನು ಮನೆಯಲ್ಲೇ ಕೂತು ಎಡಿಟ್ ಮಾಡಿಕೊಡುತ್ತಿದ್ದರು. ಗಂಡ ಬಸ್ಸಿನ ಡ್ರೈವರ್, ವಾರದಲ್ಲಿ ನಾಲ್ಕು ದಿನ ಊರಲ್ಲಿರುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ಅವರು ಮತ್ತು ಅವರ ಅತ್ತೆ, ಇಬ್ಬರೇ. ಮಹಡಿಯ ಕೋಣೆಗೆ ತಗಡಿನ ಶೀಟು ಹೊದಿಸಿದ್ದರು. ಬೇಸಿಗೆಯ ಮಧ್ಯಾಹ್ನ ಕಂಪ್ಯೂಟರ್ ಕಾದು ತಾನಾಗಿ ಆಫ್ ಆಗುತ್ತದೆ ಎಂದು ನನ್ನನ್ನು ಕರೆಸಿದ್ದರು. ಧೂಳು ಹೊಡೆದು, ಒಂದು ಒಳ್ಳೆಯ ಫ್ಯಾನ್ ಹಾಕಿ ಬಂದಿದ್ದರೆ ಮುಗಿಯುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಕಾರಿಗೆ ರೇಡಿಯೇಟರ್ ಇಲ್ವಾ? ಇದೂ ಹಾಗೇ. ಒಂಚೂರೂ ಸದ್ದಿರಲ್ಲ" ಎಂದು ಅರ್ಧ ಗಂಟೆ ಕೊರೆದೆ.

"ನೀರು, ಕರೆಂಟು ಎರಡನ್ನೂ ಒಂದೇ ಡಬ್ಬಿಲಿ ಇಡ್ತೀಯಲ್ಲ ತಮ್ಮಾ, ಎಂತ ಧೈರ್ಯ ಮಾರಾಯ ನಿಂದು!" ಎಂದರು ಅತ್ತೆ.

ನಾನು ನಕ್ಕುಬಿಟ್ಟೆ. ಅವತ್ತು ಆ ಮನೆಯಲ್ಲಿ ಸರಿಯಾದ ಮಾತಾಡಿದವರು ಅವರೊಬ್ಬರೇ.

ಆ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಊಟ ಮುಗಿದ ಮೇಲೆ ಅವರು ಸೊಸೆಯ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಗುರುತಿಲ್ಲದವರ ಮದುವೆಗಳನ್ನೆಲ್ಲ ನೋಡುತ್ತಿದ್ದರು. "ಆ ಗಡ್ಡದವನನ್ನ ತೆಗಿಯೇ, ಧಾರೆ ಹೊತ್ತಲ್ಲಿ ಮೂಗಲ್ಲಿ ಬೆರಳು ಇಟ್ಕೊಂಡಿದಾನೆ." "ಅಯ್ಯೋ, ಮದುಮಗಳ ಅಮ್ಮ ಅಳೋದನ್ನ ಕತ್ತರಿಸ್ಬೇಡ ಮತ್ತೆ." ಸೊಸೆ ನಗುತ್ತ ಹೇಳಿದಷ್ಟೂ ಮಾಡುತ್ತಿದ್ದರು. ನಾನು ಹೋದಾಗಲೆಲ್ಲ ಇಬ್ಬರೂ ಹೀಗೇ ಇದ್ದರು. ಅತ್ತೆ ಸೊಸೆ ಇಷ್ಟು ಅನ್ಯೋನ್ಯವಾಗಿರುವ ಮನೆ ನಾನು ಹೆಚ್ಚು ನೋಡಿಲ್ಲ.

ಸಾಮಾನು ಬಂತು. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಬ್ಲಾಕು, ಪಂಪು, ರೇಡಿಯೇಟರು, ಕೊಳವೆ. ಜೋಡಿಸಿದ ಮೇಲೆ ಪಂಪನ್ನು ಮಾತ್ರ ಇಡೀ ದಿನ ಓಡಿಸಿ, ಜಾಯಿಂಟುಗಳ ಕೆಳಗೆ ಟಿಶ್ಯೂ ಕಾಗದ ಇಟ್ಟು, ಒದ್ದೆಯಾಗುತ್ತದೋ ಎಂದು ನೋಡಬೇಕು. ನಾನು ಎರಡು ಗಂಟೆ ನೋಡಿ ಸಾಕು ಎಂದೆ. ಅದಕ್ಕೂ ಮೊದಲೇ ಇನ್ನೊಂದು ತಾಪತ್ರಯ ಆಗಿತ್ತು. ಅದಕ್ಕೆಂದೇ ಬರುವ ಕೂಲೆಂಟ್ ದ್ರವವನ್ನು ಸುರಿಯುವಾಗ ಒಂದಿಷ್ಟು ನೆಲಕ್ಕೆ ಚೆಲ್ಲಿದ್ದರಿಂದ ಒಂದು ಲೋಟದಷ್ಟು ಕಡಿಮೆ ಬಿತ್ತು. ಅವತ್ತು ಭಾನುವಾರ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಗುವ ಅಂಗಡಿ ಮುಚ್ಚಿತ್ತು. ಒಂದು ದಿನ ಕಾದಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ನನ್ನ ಬ್ಯಾಗಿನಲ್ಲಿ ಮನೆಯ ನೀರಿನ ಬಾಟಲಿ ಇತ್ತು.

ನಮ್ಮ ಮನೆ ಬ್ಯಾಕೋಡಿನ ಆಚೆ. ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರು ನಮ್ಮದು. ಪಂಪಿಲ್ಲ, ಬಿಲ್ಲಿಲ್ಲ. ಸಾಗರದ ನಲ್ಲಿ ನೀರು ನನ್ನ ಗಂಟಲಿಗೆ ಸೇರುವುದಿಲ್ಲ. ಸೇತುವೆ ಇಲ್ಲದ ಆ ದಿನಗಳಲ್ಲಿ ಹಿನ್ನೀರು ದಾಟಲು ಹೊಳೆಬಾಗಿಲಿನ ಲಾಂಚಿಗೆ ಬೈಕ್ ಹತ್ತಿಸುವಾಗಲೂ ಹಿಂದೆ ಒಂದು ನೀರಿನ ಕ್ಯಾನ್ ಕಟ್ಟಿರುತ್ತಿದ್ದೆ. ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಕುಡಿಸಿ "ಹೇಗಿದೆ?" ಎಂದು ಕೇಳುವ ಚಾಳಿ ಬೇರೆ. ನಮ್ಮ ಕಡೆಯವರಿಗೆಲ್ಲ ಇರುವ ಒಣ ಜಂಬ ಇದು, ನಮ್ಮ ಅಬ್ಬಿ ನೀರಿಗಿಂತ ಚೊಕ್ಕದ್ದು ಲೋಕದಲ್ಲಿಲ್ಲ ಎಂದು. ಬೇರೆ ನೀರು ಬೆರೆಸಬೇಡಿ ಎಂದು ಕೂಲೆಂಟಿನ ಬಾಟಲಿಯ ಮೇಲೆ ಬರೆದಿತ್ತು. ಅದೆಲ್ಲ ಪೇಟೆ ನೀರು ಕುಡಿಯುವವರಿಗೆ ಎಂದುಕೊಂಡು ಬಟ್ಟೆಯಲ್ಲಿ ಸೋಸಿ ಒಂದು ಲೋಟ ಹೊಯ್ದೆ.

ನಮ್ಮ ನಾಲಿಗೆಗೆ ರುಚಿ ಎನಿಸುವ ಲವಣವೇ ಯಂತ್ರಕ್ಕೆ ಕೇಡು. ಶುದ್ಧ ನೀರಿನಲ್ಲಿ ಕರೆಂಟು ಹೆಚ್ಚುಕಡಿಮೆ ಹರಿಯುವುದಿಲ್ಲ, ಲವಣವಿದ್ದರೆ ಹರಿಯುತ್ತದೆ. ಮೇಲಾಗಿ ಒರತೆಯ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಬೆಚ್ಚಗಿನ, ಬೆಳಕು ಬೀಳುವ ಕೊಳವೆಯಲ್ಲಿ ಅವು ಪಾಚಿಯಾಗಿ ಬೆಳೆಯುತ್ತವೆ. ಪಾಚಿ ಹೋಗಿ ಬ್ಲಾಕಿನೊಳಗಿನ ಕೂದಲೆಳೆಯಷ್ಟು ಸಂದುಗಳನ್ನು ಮುಚ್ಚುತ್ತದೆ. ನೀರು ಮುಂದೆ ಹೋಗದೆ ಪಂಪು ಏದುಸಿರು ಬಿಡುತ್ತದೆ, ಕೊಳವೆ ಕಾದು ಮೆತ್ತಗಾಗುತ್ತದೆ, ಜಾಯಿಂಟು ಸಡಿಲವಾಗುತ್ತದೆ. ಇದನ್ನೆಲ್ಲ ನಾನು ಓದಿಕೊಂಡಿದ್ದೆ ಕೂಡ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲಿಕ್ಕೂ ನನಗೆ ಮುಖವಿಲ್ಲ.

ಬೇಸಿಗೆ, ಮಳೆಗಾಲ ಎರಡೂ ಸುಸೂತ್ರವಾಗಿ ಕಳೆದವು. ಆಯುಧ ಪೂಜೆ ಆಗಿ ನಾಲ್ಕನೇ ದಿನ ಫೋನ್ ಬಂತು. "ಅಣ್ಣಾ, ಸುಟ್ಟ ವಾಸನೆ ಬರ್ತಿದೆ. ಆನ್ ಆಗ್ತಾನೇ ಇಲ್ಲ."

ಹೋಗಿ ಮುಚ್ಚಳ ತೆಗೆದೆ. ಕೊಳವೆಯ ಒಳಮೈಯೆಲ್ಲ ಹಸಿರು ಲೋಳೆ. ಜಾಯಿಂಟಿನಿಂದ ಒಂದೊಂದೇ ಹನಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಿದ್ದು, ಅಲ್ಲಿಂದ ಕೆಳಗಿದ್ದ ಹಾರ್ಡ್ ಡ್ರೈವಿಗೆ ಇಳಿದಿತ್ತು. ಎರಡೂ ಸತ್ತಿದ್ದವು. ಆ ಡ್ರೈವಿನಲ್ಲಿ ತೀರ್ಥಹಳ್ಳಿಯ ಒಂದು ಮದುವೆ ಇತ್ತು. ಕ್ಯಾಮೆರಾದವನು ತನ್ನ ಮೆಮೊರಿ ಕಾರ್ಡುಗಳನ್ನು ಅಳಿಸಿ ಬೇರೆ ಮದುವೆ ಹಿಡಿದಾಗಿತ್ತು, ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಆಕೆ ಕಾಫಿ ತರಲು ಕೆಳಗೆ ಹೋದರು. ನಾನು ಕಳ್ಳನ ಹಾಗೆ ಗಡಿಬಿಡಿಯಲ್ಲಿ ಕೊಳವೆ ಬಿಚ್ಚಿ, ಲೋಳೆಯನ್ನೆಲ್ಲ ಬಟ್ಟೆಯಲ್ಲಿ ಒರೆಸಿ ಬ್ಯಾಗಿಗೆ ತುರುಕಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ. ಮುಖ ಸಣ್ಣಗಾಗಿತ್ತು. "ತಮ್ಮಾ, ಪೂಜೆ ದಿನ ನಾನು ಮಾವಿನೆಲೇಲಿ ಇದಕ್ಕೆ ನಾಲ್ಕು ಹನಿ ನೀರು ಚಿಮುಕಿಸಿದ್ದೆ. ಅದೇನಾದ್ರೂ ಒಳಗೆ ಹೋಯ್ತಾ?"

ಅವರ ಹಿಂದೆ ಸೊಸೆ ಕಾಫಿ ಹಿಡಿದು ನಿಂತಿದ್ದರು. ಡಬ್ಬಿಯ ಮೇಲೆ ಬಿದ್ದ ನಾಲ್ಕು ಹನಿ ಅಲ್ಲೇ ಆರಿ ಹೋಗುತ್ತದೆ, ಒಳಗೆ ಹೋಗಲು ದಾರಿಯೇ ಇರಲಿಲ್ಲ. "ಛೇ, ಅದಲ್ಲ ಅಮ್ಮಾ" ಎನ್ನಲು ಒಂದು ಗಳಿಗೆ ಸಾಕಿತ್ತು.

"ಇರಬಹುದು" ಎಂದೆ.

ಅಷ್ಟೇ. ಒಂದೇ ಒಂದು ಮಾತು. ಸೊಸೆ ಲೋಟವನ್ನು ಮೇಜಿನ ಮೇಲೆ ಕುಕ್ಕಿ, "ಎಷ್ಟು ಸಲ ಹೇಳಿಲ್ಲ ಅತ್ತೆ ನಿಮಗೆ, ಇದಕ್ಕೆ ನೀರು ಸೋಕಿಸ್ಬೇಡಿ ಅಂತ" ಎಂದರು. ಅತ್ತೆ ಮೆಟ್ಟಿಲಿಳಿದು ಹೋದರು. ಆಮೇಲೆ ನಾನು ಹೊಸ ಕಾರ್ಡು, ಡ್ರೈವು ಜೋಡಿಸಿ, ಸಾದಾ ಫ್ಯಾನ್ ಹಾಕಿ ಕೊಟ್ಟೆ. ಕೂಲಿ ಬೇಡ ಎಂದೆ. "ನಿಮ್ಮಂಥವರು ಸಿಗಲ್ಲ ಅಣ್ಣ" ಎಂದು ಆಕೆ ಕಣ್ಣು ಒರೆಸಿಕೊಂಡರು. ಥೂ, ಆ ಮಾತು ನೆನಪಾದರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಮರುವರ್ಷ ಹಬ್ಬಕ್ಕೆ ಮುಂಚೆ ಧೂಳು ಹೊಡೆದು ಕೊಡಿ ಎಂದು ಕರೆದಿದ್ದರು. ನಾಳೆ ನಾಳೆ ಎಂದು ತಪ್ಪಿಸಿಕೊಂಡು ಕೊನೆಗೆ ಹಬ್ಬದ ದಿನವೇ ಹೋದೆ. ಅಂಗಳದಲ್ಲಿ ಸ್ಕೂಟರಿಗೆ ಹಾರ ಬಿದ್ದಿತ್ತು, ಮಿಕ್ಸಿಗೂ ಕುಂಕುಮ ಬಿದ್ದಿತ್ತು. ಮಹಡಿಯಲ್ಲಿ ಸೊಸೆ ಒಬ್ಬರೇ ಕೆಲಸ ಮಾಡುತ್ತಿದ್ದರು. ಹಿಂದಿನ ಕುರ್ಚಿಯ ಮೇಲೆ ಬಟ್ಟೆ ರಾಶಿ ಬಿದ್ದಿತ್ತು. ನಾನು ಬ್ರಷ್ ಹಿಡಿದು ಕೂತಿದ್ದಾಗ ಅತ್ತೆ ಕುಂಕುಮದ ತಟ್ಟೆ ಹಿಡಿದು ಮೇಲೆ ಬಂದರು. ಬಂದವರು ಹೊಸಿಲಾಚೆಯೇ ನಿಂತರು. ತಟ್ಟೆಯನ್ನು ಎಡಗೈಗೆ ಬದಲಿಸಿ, ಬಲಗೈಯ ಅಂಗೈ, ಹಿಂಗೈ ಎರಡನ್ನೂ ಸೊಸೆಗೆ ತೋರಿಸಿದರು.

"ಕೈ ಒಣಗಿದೆ ನೋಡು. ಒಳಗೆ ಬರ್ಲಾ?"

ಸೊಸೆ ತಿರುಗಲೂ ಇಲ್ಲ. "ಅಲ್ಲೇ ಇಡಿ ಅತ್ತೆ. ನಾನೇ ಹಚ್ತೀನಿ."

ನನಗೆ ತಡೆಯಲಾಗಲಿಲ್ಲ. ಬ್ರಷ್ ಕೆಳಗಿಟ್ಟು, ನೆಲ ನೋಡುತ್ತ ಎಲ್ಲ ಹೇಳಿಬಿಟ್ಟೆ. ಭಾನುವಾರ, ಬಾಟಲಿ, ಪಾಚಿ, ಬ್ಯಾಗಿಗೆ ತುರುಕಿದ ಬಟ್ಟೆ. "ಅಮ್ಮ ಚಿಮುಕಿಸಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮಾಡಿದವನು ನಾನು" ಎಂದೆ.

ಅತ್ತೆ ಕೇಳಿದರು. "ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮಾ."

ಸೊಸೆಯ ಮುಖ ಕೆಂಪಗಾಗಿತ್ತು. ಮೊಬೈಲ್ ತೆಗೆದು ತೀರ್ಥಹಳ್ಳಿಗೆ, ಆ ಮದುಮಗಳ ತಾಯಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದರು. "ಈಗ ಹೇಳಿದ್ದನ್ನೇ ಇವರಿಗೂ ಹೇಳಿ."

ಹೇಳಿದೆ. ಬೈಗುಳ ಬರುತ್ತದೆ ಎಂದು ಕಾದೆ.

"ಅಯ್ಯೋ ದೇವರೇ" ಎಂದಿತು ಆ ಕಡೆಯ ದನಿ. "ಹಾಗಾದ್ರೆ ಆ ಅಮ್ಮನದು ಏನೂ ತಪ್ಪಿರಲಿಲ್ವಾ? ಒಬ್ರೇ ಬಸ್ಸಲ್ಲಿ ನಮ್ಮನೆಗೆ ಬಂದು, ನನ್ನ ಕೈಯಿಂದ ಆಯ್ತು, ನನ್ನ ಸೊಸೆಗೆ ಬೈಬೇಡಿ ಅಂತ ಕೈ ಮುಗಿದಿದ್ರಲ್ರೀ. ನಾನು ಒಂದು ಲೋಟ ನೀರೂ ಕೊಡದೆ, ಹೊರಗಿಂದ ಹೊರಗೇ ಕಳಿಸಿಬಿಟ್ಟೆ."

ಸೊಸೆಯ ಕೈಯಲ್ಲಿದ್ದ ಫೋನು ನಿಧಾನವಾಗಿ ಕೆಳಗಿಳಿಯಿತು. ಅವರು ಬಾಗಿಲ ಕಡೆ ತಿರುಗಿದರು.

"ನೀವು ತೀರ್ಥಹಳ್ಳಿಗೆ ಹೋಗಿದ್ರಾ ಅತ್ತೆ? ಯಾವಾಗ?"

"ಡಾಕ್ಟ್ರಿಗೆ ಹಲ್ಲು ತೋರಿಸ್ಕೊಂಡು ಬರ್ತೀನಿ ಅಂತ ಹೋಗಿದ್ನಲ್ಲ" ಎಂದರು ಅತ್ತೆ, ಇನ್ನೂ ಹೊಸಿಲಾಚೆಯೇ ನಿಂತುಕೊಂಡು. "ಅವತ್ತು."