ಡಬ್ಬಿಯೊಳಗಿನ ಎರಡನೇ ಪ್ಲಗ್ಗು

ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಮನೆಯವರಿಗೆ ಗೊತ್ತು, ಆಸ್ಪತ್ರೆಯವರಿಗೆ ಗೊತ್ತು, ಅಂಚೆಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆಗೂ ಗೊತ್ತು. ಆ ಕೋಪದಲ್ಲಿ ಆಡಿದ ಒಂದು ಮಾತಿನಿಂದ ನಾಟ್ರಾಂಪಾಳ್ಯ ಎಂಬ ಊರು ನನ್ನ ಕೈತಪ್ಪಿ ಹೋಗುವುದರಲ್ಲಿತ್ತು. ಹೋಗಲಿಲ್ಲ. ಅದಕ್ಕೆ ನನ್ನ ಮಾವನಿಗೂ ಅವರು ನನ್ನ ಕೈಗಿಟ್ಟ ಒಂದು ಸ್ಪಾರ್ಕ್ ಪ್ಲಗ್ಗಿಗೂ ಎಷ್ಟು ಕೈ ಮುಗಿದರೂ ಸಾಲದು.

ನಾನು ನರ್ಸು. ಮನೆ ಅಂಚೆಟ್ಟಿಯಲ್ಲಿ. ಬುಧವಾರ ಬಂತೆಂದರೆ ಲಸಿಕೆಯ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ನಾಟ್ರಾಂಪಾಳ್ಯದ ಕಡೆ ಹೋಗುತ್ತೇನೆ. ಪೆಟ್ಟಿಗೆಯೊಳಗಿನ ಐಸು ಕರಗುವುದರೊಳಗೆ ಮಕ್ಕಳಿಗೆಲ್ಲ ಸೂಜಿ ಹಾಕಿ ಮುಗಿಸಬೇಕು. ಬಸ್ಸು ಇದೆ, ಆದರೆ ಅದರ ಹೊತ್ತೇ ಬೇರೆ, ನಮ್ಮ ಹೊತ್ತೇ ಬೇರೆ. ರಸ್ತೆಯಿಂದ ಒಳಗಿರುವ ಮನೆಗಳಿಗೆ ಅದು ಹೋಗುವುದೂ ಇಲ್ಲ. ಮೊದಮೊದಲು ಅಲ್ಲಿನ ಹೆಂಗಸರು ನನ್ನನ್ನು ಕಂಡರೆ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ನಾಲ್ಕು ವರ್ಷ ಅವರನ್ನು ಬೈದು, ಅವರಿಂದ ಬೈಸಿಕೊಂಡು, ಅವರ ಮನೆಯ ಮುದ್ದೆ ಉಂಡ ಮೇಲೆ ಅವರೇ ಮಗುವನ್ನು ತಂದು ನನ್ನ ಮಡಿಲಿಗೆ ಹಾಕುವಂತಾಯಿತು. ಆ ಊರು ಬಿಡುವ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಬೈಕು ಮಾವನದು. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಇಂಜಿನ್ ಜೋಡಿಸುವ ಲೈನಿನಲ್ಲಿ ದುಡಿದು, ರಿಟೈರಾಗಿ ಊರಿಗೆ ಬಂದವರು ಅವರು. ನನ್ನ ಗಂಡ ಈಗಲೂ ಹೊಸೂರಿನಲ್ಲೇ ಕೆಲಸದಲ್ಲಿದ್ದಾರೆ, ಶನಿವಾರ ಬರುತ್ತಾರೆ. ಹೀಗಾಗಿ ಬೈಕು ಓಡಿಸುವವಳು ನಾನು, ನೋಡಿಕೊಳ್ಳುವವರು ಮಾವ. ಅದಕ್ಕೆ ವಯಸ್ಸಾಗಿದೆ. ಪೆಟ್ರೋಲಿನ ಜೊತೆಗೆ ಅಷ್ಟಿಷ್ಟು ಆಯಿಲನ್ನೂ ಸುಡುತ್ತದೆ.

ಹೋದ ವರ್ಷ ಮಳೆಗಾಲದ ಒಂದು ಬುಧವಾರ ಅದು ನಡುಕಾಡಿನಲ್ಲಿ ನಿಂತುಬಿಟ್ಟಿತು. ಎದುರಿಗೇ ಆನೆ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಕಿಕ್ಕರ್ ತುಳಿದು ತುಳಿದು ಕಾಲು ಸೋತಿತು. ಹಾಲಿನ ವ್ಯಾನು ಬಂದು ನನ್ನನ್ನೂ ಬೈಕನ್ನೂ ಹತ್ತಿಸಿಕೊಳ್ಳುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಐಸು ನೀರಾಗಿತ್ತು. ಕಾದು ಕಾದು ತಾಯಂದಿರು ಮನೆಗೆ ಹೋಗಿದ್ದರು. ಅಂದು ಒಂದು ಮಗುವಿಗೂ ಸೂಜಿ ಬೀಳಲಿಲ್ಲ.

ಸಂಜೆ ಮಾವ ಜಗಲಿಯ ಮೇಲೆ ಕೂತು, "ಆ ಕಾಡ್ದಾರಿ ಸಾಕು ಕಣಮ್ಮ. ಡೆಂಕಣಿಕೋಟೆ ಕಡೀಕೆ ವರ್ಗ ಕೇಳ್ಕೋ" ಎಂದರು.

ನನಗೆ ಎಲ್ಲಿಂದ ಉರಿ ಹತ್ತಿತೋ. "ನಿಮ್ಮ ಗಾಡಿ ಕೆಟ್ರೆ ನಾನ್ಯಾಕೆ ವರ್ಗ ಕೇಳ್ಲಿ ಮಾವ? ಇನ್ನೊಂದ್ಸಲ ಕಾಡಲ್ಲಿ ನಿಲ್ಲಲಿ, ಮಾರನೇ ದಿನವೇ ನಾನೇ ಅರ್ಜಿ ಬರ್ಕೊಟ್ಬಿಡ್ತೀನಿ."

"ಆಡಿದ್ ಮಾತು ಮರೀಬ್ಯಾಡ" ಎಂದು ಅವರು ಎದ್ದು ಒಳಗೆ ಹೋದರು. ಅತ್ತೆ ಇಬ್ಬರ ಮುಖವನ್ನೂ ನೋಡಿ ದೇವರ ದೀಪಕ್ಕೆ ಎಣ್ಣೆ ಹಾಕಲು ಎದ್ದರು. ಬಾಯಿಂದ ಬಿದ್ದ ಮೇಲೆ ನನಗೆ ಹೆದರಿಕೆಯಾಯಿತು. ಆದರೆ ಸೋತೆ ಎನ್ನುವ ಜಾಯಮಾನ ನನ್ನದಲ್ಲ.

ಮಾರನೇ ದಿನ ಮಾವ ನನ್ನನ್ನು ಬಸ್ಸಿನಲ್ಲಿ ಕೆಲಮಂಗಲಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಬಿಡಿಭಾಗದ ಅಂಗಡಿ ಅವರಿಗೆ ಗುರುತು. ಗಾಡಿ ನಿಲ್ಲಿಸಿದ್ದ, ಮಸಿ ಕಟ್ಟಿದ ಹಳೇ ಪ್ಲಗ್ಗನ್ನು ಬಿಚ್ಚಿ ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದರು. ಅಂಗಡಿಯಾತ ಮೂರು ಕಡ್ಡಿಯ ದುಬಾರಿ ಪ್ಲಗ್ಗೊಂದನ್ನು ಮುಂದಿಟ್ಟು, ತಮಿಳಿನಲ್ಲಿ ಅದರ ಮೈಲೇಜನ್ನೂ ಪಿಕಪ್ಪನ್ನೂ ಹೊಗಳಿದ. ಮಾವ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ಮರೆಯ, ಅಂದರೆ ತಿರುಪಿನ ಸುತ್ತುಗಳ, ಉದ್ದ ಸಮವಿದೆಯೇ ನೋಡು ಎಂದು ನನಗೆ ತೋರಿಸಿದರು. ಉದ್ದವಾದರೆ ಒಳಗೆ ಪಿಸ್ಟನ್ನಿಗೆ ಬಡಿಯುತ್ತದೆ, ಗಿಡ್ಡವಾದರೆ ಕಿಡಿ ಪೆಟ್ರೋಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಆಮೇಲೆ ಕಂಪನಿ ಹೇಳಿದ್ದಕ್ಕಿಂತ ಒಂದೇ ಒಂದು ನಂಬರು ಹೆಚ್ಚು ಬಿಸಿ ಹಿಡಿಯುವ ಪ್ಲಗ್ಗು ಕೇಳಿದರು. "ಹಳೇ ಇಂಜಿನ್ನು. ಆಯಿಲ್ ಮಸಿ ಕಟ್ತದೆ. ಇದು ಬಿಸಿ ಇರ್ತದೆ, ಮಸೀನ ಸುಟ್ಕೊಂತದೆ" ಎಂದರು. ಎರಡು ಕೊಂಡೆವು, ಒಂದು ಗಾಡಿಗೆ, ಒಂದು ಸ್ಪ್ಯಾನರ್ ಇಡುವ ಡಬ್ಬಿಗೆ.

ಅಲ್ಲಿಂದ ನನ್ನ ಪಾಠ ಶುರುವಾಯಿತು. ದಿನಾ ಸಂಜೆ ಅಂಗಳದಲ್ಲಿ ಪ್ಲಗ್ಗು ಬಿಚ್ಚಬೇಕು, ಹಾಕಬೇಕು. ಮೊದಲು ಸುತ್ತಲ ಧೂಳನ್ನು ಊದಬೇಕು, ಇಲ್ಲದಿದ್ದರೆ ಮಣ್ಣು ಒಳಗೆ ಬೀಳುತ್ತದೆ. ಇಂಜಿನ್ನು ಆರುವವರೆಗೆ ಸ್ಪ್ಯಾನರ್ ಮುಟ್ಟಬಾರದು. ಬಿಚ್ಚಿದ ಪ್ಲಗ್ಗಿನ ತುದಿ ಹುರಿಹಿಟ್ಟಿನ ಬಣ್ಣವಿದ್ದರೆ ಗಾಡಿ ಆರೋಗ್ಯವಾಗಿದೆ, ಪಾತ್ರೆಯ ತಳದ ಹಾಗೆ ಕಪ್ಪಾಗಿದ್ದರೆ ಮಸಿ, ಕಪ್ಪಾಗಿ ಒದ್ದೆಯಾಗಿದ್ದರೆ ಆಯಿಲು. ತುದಿಯಲ್ಲಿ ಕಿಡಿ ಹಾರುವ ಎರಡು ಕಡ್ಡಿಗಳ ನಡುವಿನ ಸಂದಿನಲ್ಲಿ ಗರಗಸದ ಬ್ಲೇಡಿನ ಚೂರು ಸಲೀಸಾಗಿ ತೂರಬೇಕು. ಹಾಕುವಾಗ ಬೆರಳಲ್ಲೇ ಕೊನೆಯವರೆಗೆ ತಿರುಗಿಸಬೇಕು, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಅಷ್ಟೇ.

ಮೊದಲ ದಿನ ನಾನು ಹಲ್ಲು ಕಚ್ಚಿ ಬಿಗಿ ಮಾಡಿದೆ. ಮಾವ ಹೌಹಾರಿದರು. "ಬಾವಿ ಹಗ್ಗ ಅಂದ್ಕೊಂಡ್ಯಾ? ಅಲ್ಯುಮಿನಿಯಂ ಕಣಮ್ಮ ಅದು. ಮರೆ ಹೋದ್ರೆ ಇಂಜಿನ್ ಹೆಡ್ಡೇ ಹೋಯ್ತು."

ಒಂದು ವಾರದ ಮೇಲೆ ಕಣ್ಣು ಮುಚ್ಚಿಕೊಂಡು ಮಾಡು ಎಂದರು. ಲೈನಿನಲ್ಲಿ ಅವರಿಗೆ ಹಾಗೇ ರೂಢಿಯಂತೆ. "ಕೈಗೆ ಕೆಲ್ಸ ಕೊಡು. ಕಣ್ಣು ರಸ್ತೆ ಮ್ಯಾಗಿರ್ಲಿ. ಆನೆ ಹೇಳಿ ಕೇಳಿ ಬರಾಕಿಲ್ಲ." ಗೊಣಗುತ್ತಲೇ ಕಲಿತೆ. ಮೂರು ವಾರಕ್ಕೆಲ್ಲ ಕಣ್ಣು ಮುಚ್ಚಿಯೇ ಪ್ಲಗ್ಗು ಬದಲಿಸುವಂತಾದೆ. ಜಂಬವೂ ಬಂತು. ಅಕ್ಕಪಕ್ಕದವರು ಬೇಲಿಯಾಚೆ ನಿಂತು ನೋಡುತ್ತಿದ್ದರು.

ಆಯುಧಪೂಜೆ ಬಂತು. ಅತ್ತೆ ಬೈಕನ್ನು ಎಮ್ಮೆ ತೊಳೆದ ಹಾಗೆ ಉಜ್ಜಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಮೂರು ಸಲ ಆರತಿ ಎತ್ತಿದರು. ಅದರ ಮುಂದಿನ ಬುಧವಾರ ನಾನು ಪೆಟ್ಟಿಗೆ ಕಟ್ಟಿಕೊಂಡು ಹೊರಟೆ. ಹೋದ ಸಲ ನಿಂತ ಜಾಗ ದಾಟಿ ಎರಡು ತಿರುವು ಆಗಿರಬೇಕು, ಗಾಡಿ ಮುಗ್ಗರಿಸಿತು, ಸೀನಿತು, ನಿಂತಿತು.

ಆನೆಗಿಂತ ಮೊದಲು ನೆನಪಾದದ್ದು ನನ್ನ ಮಾತು. ನಾಳೆಯೇ ಬರೆದುಕೊಡಬೇಕು.

ಆದರೂ ಕೈ ತನ್ನಷ್ಟಕ್ಕೆ ಕೆಲಸ ಹಿಡಿಯಿತು. ಇಂಜಿನ್ನು ಆರಲು ಬಿಟ್ಟೆ. ಧೂಳು ಊದಿ ಪ್ಲಗ್ಗು ಬಿಚ್ಚಿದೆ. ಕಪ್ಪು, ಒದ್ದೆ, ಆಯಿಲು ಕುಡಿದು ಕೂತಿತ್ತು. ಡಬ್ಬಿ ತೆಗೆದು, ಪ್ಲಾಸ್ಟಿಕ್ ಕವರಿನಿಂದ ಹೊಸ ಪ್ಲಗ್ಗನ್ನು ಬಿಡಿಸಿ, ಕಣ್ಣನ್ನು ರಸ್ತೆಯ ಮೇಲೇ ಇಟ್ಟು, ಬೆರಳಲ್ಲಿ ತಿರುಗಿಸಿ ಅರ್ಧ ಸುತ್ತು ಬಿಗಿದೆ. ಕಿಕ್ಕರ್ ತುಳಿದೆ. ಉಸಿರಿಲ್ಲ. ಇಪ್ಪತ್ತು ಸಲ ತುಳಿದೆ. ಉಸಿರಿಲ್ಲ. ಮಾವನನ್ನು ಬೈದೆ, ಅಂಗಡಿಯವನನ್ನು ಬೈದೆ, ನನ್ನ ಬಾಯನ್ನೂ ಬೈದುಕೊಂಡೆ. ಪೆಟ್ಟಿಗೆಗೆ ಕೈ ಹಚ್ಚಿದರೆ ಇನ್ನೂ ತಣ್ಣಗಿತ್ತು. ಹಾಗೇ ಬಿಟ್ಟು ಹೋಗುವ ಮನಸ್ಸಾಗಲಿಲ್ಲ.

ಹೊಸ ಪ್ಲಗ್ಗನ್ನು ಮತ್ತೆ ಬಿಚ್ಚಿದೆ. ಈ ಸಲ ಕಣ್ಣು ಬಿಟ್ಟು ನೋಡಿದೆ.

ಪ್ಲಗ್ಗಿನ ತುದಿಗೆ ದಪ್ಪನೆಯ ಅರಿಶಿನ, ಅದರ ಮೇಲೆ ಕುಂಕುಮ. ಕಿಡಿ ಹಾರಬೇಕಾದ ಸಂದಿನಲ್ಲಿ ಅದು ಹಸಿಯಾಗಿ ಮೆತ್ತಿಕೊಂಡಿತ್ತು, ಪ್ಲಾಸ್ಟಿಕ್ ಕವರಿನಲ್ಲಿ ಒಣಗಿರಲೇ ಇಲ್ಲ. ಪೂಜೆಯ ದಿನ ಅತ್ತೆ ಡಬ್ಬಿಯನ್ನೂ ಬಿಟ್ಟಿರಲಿಲ್ಲ. ಸ್ಪ್ಯಾನರಿಗೆ ಒಂದು ಬೊಟ್ಟು, ಪ್ಲಗ್ಗಿಗೆ ಒಂದು ಬೊಟ್ಟು. ನನಗೆ ಸಿಟ್ಟು ಬರಬೇಕಿತ್ತು. ಅದರ ಬದಲು ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಸೊಸೆ ಕಾಡಿನಲ್ಲಿ ಒಬ್ಬಳೇ ಹೋಗುತ್ತಾಳೆಂದು ಆ ಜೀವ ಎಷ್ಟು ಹೆದರಿತ್ತೋ ಏನೋ. ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ.

ಚೀಲದಲ್ಲಿದ್ದ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ. ವೇಲಿನ ಪಿನ್ನು ತೆಗೆದು ಸಂದಿನಲ್ಲಿದ್ದುದನ್ನು ಕೆರೆದೆ. ಬ್ಲೇಡಿನ ಚೂರು ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ಹಾಕಿದೆ, ಅರ್ಧ ಸುತ್ತು ಬಿಗಿದೆ. ಎರಡನೇ ಕಿಕ್ಕಿಗೆ ಗಾಡಿ ಹತ್ತಿಕೊಂಡಿತು.

ನಾಟ್ರಾಂಪಾಳ್ಯ ಮುಟ್ಟಿದಾಗ ಐಸು ಇನ್ನೂ ಗಟ್ಟಿಯಿತ್ತು. ತಾಯಂದಿರು ಮರದ ಕೆಳಗೆ ಕೂತಿದ್ದರು. ಒಬ್ಬಾಕೆ ಮಗುವನ್ನು ನನ್ನ ಮಡಿಲಿಗೆ ಹಾಕುತ್ತಾ, "ಬಂದೇ ಬತ್ತೀರ ಅಂತ ಕುಂತಿದ್ವಿ ಕಣಕ್ಕ" ಎಂದಳು. ನಾನು ಸೂಜಿ ತೆಗೆದೆ.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಗಾಡಿ ನಿಂತದ್ದನ್ನು ಹೇಳಲೋ ಬೇಡವೋ. ಗಾಡಿ ತಾನಾಗಿ ಮನೆಗೆ ಬಂದಿದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬುಧವಾರ ಸಂಜೆ ಪ್ಲಗ್ಗು ಬಿಚ್ಚಿ ನೋಡುವುದು ಮಾವನ ಪದ್ಧತಿ. ನಾನು ಸ್ನಾನ ಮುಗಿಸಿ ಬರುವುದರೊಳಗೆ ಇಂಜಿನ್ನು ಆರಿತ್ತು, ಅವರು ಅಂಗಳದಲ್ಲಿ ಕೂತು ಪ್ಲಗ್ಗನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಮರೆಯ ಸುತ್ತುಗಳ ಸಂದಿನಲ್ಲಿ ಕುಂಕುಮದ ಕೆಂಪು ಉಳಿದಿತ್ತು. ಅವರಿಗೆ ಎಲ್ಲ ಅರ್ಥವಾಗಿದೆ ಎಂದು ನನಗೂ ಅರ್ಥವಾಯಿತು.

ಅತ್ತೆ ಬಾಗಿಲಲ್ಲಿ ನಿಂತು, "ಏನು ಅಷ್ಟೊಂದು ನೋಡ್ತಿದೀರಿ?" ಎಂದರು.

"ಏನಿಲ್ಲ. ನೀನು ಕಾಪಿ ತತ್ತಾ" ಎಂದು ಅವರನ್ನು ಒಳಗೆ ಕಳಿಸಿ, ನನ್ನ ಕಡೆ ತಿರುಗಿದರು. "ಎಷ್ಟೊತ್ತು ಹಿಡೀತು?"

"ಮುಕ್ಕಾಲು ಗಂಟೆ ಮಾವ."

"ಕಣ್ ಮುಚ್ಕೊಂಡು ಹಾಕ್ದ್ಯಾ?"

"ಮುಚ್ಲಿಲ್ಲ. ರಸ್ತೆ ನೋಡ್ತಿದ್ದೆ. ಪ್ಲಗ್ಗು ನೋಡ್ಲಿಲ್ಲ."

ಅವರು ಪ್ಲಗ್ಗನ್ನು ಅಂಗೈಯಲ್ಲಿ ಹೊರಳಿಸಿದರು. "ಹಾಕೋಕ್ ಮುಂಚೆ ಒಂದ್ಸಲ ನೋಡು ಅಂತ ನಾನ್ ಹೇಳ್ಕೊಡ್ಲಿಲ್ಲ. ತಪ್ಪು ನಂದೇ" ಎಂದರು. ಅವರ ಬಾಯಲ್ಲಿ ತಪ್ಪು ಎನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ನಾನೇ ಧೈರ್ಯ ಮಾಡಿದೆ. "ಮಾವ, ಆ ವರ್ಗದ ಅರ್ಜಿ..."

"ಯಾವ್ ಅರ್ಜಿ? ಮುಕ್ಕಾಲ್ ಗಂಟೆ ಜಾಸ್ತಿಯಾಯ್ತು. ಮುಂದಿನ್ ಬುಧವಾರದೊಳಗೆ ಇಪ್ಪತ್ ನಿಮಿಷಕ್ಕೆ ಬರ್ಬೇಕು" ಎಂದು ಪ್ಲಗ್ಗನ್ನು ಒರೆಸಿ, ಮತ್ತೆ ಇಂಜಿನ್ನಿಗೆ ಹಾಕಿ ಬಿಗಿದು, ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಅತ್ತೆ ಕಾಫಿ ತಂದರು. ಮಾವ ಖಾಲಿ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಟ್ಟಿ, "ಲೇ, ಇನ್ಮ್ಯಾಕೆ ಕುಂಕುಮ ಇಕ್ಕೋದಾದ್ರೆ ಇಲ್ಲಿಕ್ಕು. ಮ್ಯಾಗಡೆ" ಎಂದರು. ಯಾಕೆಂದು ಅತ್ತೆ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇವತ್ತಿಗೂ ಪ್ರತಿ ಬುಧವಾರ ಬೆಳಿಗ್ಗೆ ಆ ಮುಚ್ಚಳದ ಮೇಲೆ ಹೊಸದೊಂದು ಬೊಟ್ಟು ಇರುತ್ತದೆ.

ಅಂದು ಸಂಜೆ ಕಾಫಿ ಆರುತ್ತಾ ಕೂತಿತ್ತು. "ಬಿಚ್ಚಮ್ಮ" ಎಂದರು ಮಾವ. ನಾನು ಬಗ್ಗಿ ಧೂಳು ಊದಿದೆ.