ಆಸ್ಥಾನಿಕನ ಪುಸ್ತಕ, ಎಡಗೈ ಹೊಲಿಗೆ

ಮೊದಲು ನನ್ನ ಮೊಮ್ಮಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪೆನ್ನು ಮುಂದಕ್ಕೆ ಓಡುವುದಿಲ್ಲ. ಹೆಸರು ಸಿರಿ. ಅಮೆರಿಕದ ಸಿಯಾಟಲ್ ಹತ್ತಿರ ಕೆಂಟ್ ಅಂತ ಊರಿದೆ, ಅಲ್ಲಿ ಹುಟ್ಟಿದವಳು. ನಾನು ಫೋನಿನಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನಗೆ ಅರ್ಧ ತಿಳಿಯುತ್ತದೆ, ನಗುವುದು ಮಾತ್ರ ಪೂರ್ತಿ. ಮುಂದಿನ ಹಲ್ಲು ಬಿದ್ದಾಗ ಅದನ್ನು ಕ್ಯಾಮೆರಾದ ಹತ್ತಿರ ಹಿಡಿದು ತೋರಿಸಿದಳು. ಆ ಹಲ್ಲಿನ ಸುದ್ದಿಯನ್ನು ನಮ್ಮ ಬೀದಿಯಲ್ಲಿ ಕೇಳದವರು ಯಾರೂ ಉಳಿದಿಲ್ಲ. ಇಷ್ಟು ಸಂತೋಷ ಹೊಟ್ಟೆಯಲ್ಲಿ ಇಟ್ಟುಕೊಂಡವನು ಮೈ ಜುಮ್ಮೆನ್ನುವ ಮಾತು ಬರೆಯಲು ಕೂತಿದ್ದಾನಲ್ಲ ಅಂತ ನಿಮಗೆ ಅನ್ನಿಸಬಹುದು. ಏನು ಮಾಡಲಿ, ಅವಳು ಹುಟ್ಟಿದ ದಿನದ ಮಾತೇ ಇದು. ಎರಡೂ ಒಂದೇ ದಾರದಲ್ಲಿ ಸೇರಿಕೊಂಡಿವೆ.

ಸತ್ತವರು ಬರುತ್ತಾರೆ, ಏನೋ ಮಾಡುತ್ತಾರೆ ಅನ್ನುವುದನ್ನೆಲ್ಲ ನಾನು ನಂಬಿದವನಲ್ಲ. ಮೈಸೂರಿನಲ್ಲಿ ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ್ದೇನೆ. ಸ್ಕೂಲು ನಾಲ್ಕನೇ ಕ್ಲಾಸಿಗೆ ಮುಗಿಯಿತು. ಓದಿದ್ದೆಲ್ಲ ಹಾಳೆ ಮಡಿಸುತ್ತಾ ಓದಿದ್ದು, ಅಲ್ಲೊಂದು ಪುಟ ಇಲ್ಲೊಂದು ಪುಟ. ದೆವ್ವದ ಕಾದಂಬರಿಗಳನ್ನೂ ಬೇಕಾದಷ್ಟು ಹೊಲಿದಿದ್ದೇನೆ. ರಾತ್ರಿ ಹೊಲಿದು ಅದರ ಪಕ್ಕದಲ್ಲೇ ತಲೆಯಿಟ್ಟು ಮಲಗಿದ್ದೇನೆ. ಒಂದು ದಿನವೂ ಕನಸು ಕೂಡ ಬಿದ್ದಿಲ್ಲ.

ನಮ್ಮ ಕೆಲಸ ಹೇಗೆ ಅಂತ ಸ್ವಲ್ಪ ಹೇಳಬೇಕು. ಪುಸ್ತಕ ಅಂದರೆ ಬಿಡಿ ಹಾಳೆಗಳ ಕಟ್ಟಲ್ಲ. ಹದಿನಾರು ಪುಟದ ಒಂದೊಂದು ಮಡಿಕೆ, ಅದಕ್ಕೆ ನಾವು ಫಾರಂ ಅನ್ನುತ್ತೇವೆ. ಫಾರಂ ಮೇಲೆ ಫಾರಂ ಇಟ್ಟು, ಮಡಿಕೆಯ ಬೆನ್ನಿನಲ್ಲಿ ಸೂಜಿ ಹಾಕಿ, ಒಂದನ್ನು ಇನ್ನೊಂದಕ್ಕೆ ಗಂಟು ಹಾಕುತ್ತಾ ಹೋಗಬೇಕು. ನಮ್ಮ ಮನೆಯಲ್ಲಿ ಈ ಹೊಲಿಗೆ ನನ್ನ ಹೆಂಡತಿ ಜಯಮ್ಮನದು. ಅವಳು ಎಡಗೈಯವಳು. ನಾನು ಹಾಕಿದ ಗಂಟು ಬಲಕ್ಕೆ ಬಾಗುತ್ತದೆ, ಅವಳು ಹಾಕಿದ್ದು ಎಡಕ್ಕೆ. ರಟ್ಟು ಅಂಟಿಸುವ ಮುಂಚೆ ಪುಸ್ತಕದ ಬೆನ್ನು ನೋಡಿದರೆ ಯಾರು ಹೊಲಿದದ್ದು ಅಂತ ದೂರದಿಂದಲೇ ಹೇಳಬಹುದಾಗಿತ್ತು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿಯುವುದು ಅವಳ ಅಭ್ಯಾಸ. ಅರ್ಧ ಹೊಲಿದ ಪುಸ್ತಕ ಬಿಟ್ಟು ಏಳಬಾರದು ಅನ್ನುವುದು ನಮ್ಮಲ್ಲಿ ಪದ್ಧತಿ. ಬಿಗಿ ಸಡಿಲವಾಗುತ್ತದೆ ಅನ್ನುವುದೂ ಉಂಟು, ಮನೆಗೆ ಒಳ್ಳೆಯದಲ್ಲ ಅನ್ನುವುದೂ ಉಂಟು. ಹಾಗಾಗಿ ಒಬ್ಬರು ಏಳಬೇಕಾದರೆ ಇನ್ನೊಬ್ಬರಿಗೆ "ಹಿಡಿ" ಅಂತ ಹೇಳಿ, ಸೂಜಿ ಕೈಗೆ ಕೊಟ್ಟೇ ಏಳುತ್ತಿದ್ದೆವು.

ಜಯಮ್ಮನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಆದರೂ ಕೈ ತಪ್ಪಿದ್ದು ಜೀವಮಾನದಲ್ಲಿ ಒಂದೇ ಸಲ. ನಮ್ಮ ಮಗಳು ಭಾಗ್ಯ ಹುಟ್ಟುವ ದಿನ ನೋವು ಶುರುವಾದರೂ ಎದ್ದೇಳದೆ, ಒಂದು ಕಾಲೇಜಿನ ಇಂಗ್ಲಿಷ್ ಪುಸ್ತಕ ಹೊಲಿದು ಮುಗಿಸಿಯೇ ಆಸ್ಪತ್ರೆಗೆ ಹೊರಟಳು. ಕೊನೆಯ ಫಾರಂ ತಲೆಕೆಳಗಾಗಿತ್ತು. ಪ್ರೆಸ್ಸಿನವರು ಬೈದರು. ನಾವು ಆಮೇಲೆ ವರ್ಷಗಟ್ಟಲೆ, "ಭಾಗ್ಯ ತಲೆಕೆಳಗಾಗಿ ಓದ್ಕೊಂಡೇ ಹುಟ್ಟಿದ್ಲು" ಅಂತ ನಗುತ್ತಿದ್ದೆವು.

ಆ ಜಯಮ್ಮ ಹೋಗಿ ವರ್ಷ ತುಂಬುವುದರಲ್ಲಿ ಭಾಗ್ಯ ಮತ್ತೆ ಬಸುರಿಯಾದಳು. ಮತ್ತೆ ಅಂದೆ, ಯಾಕೆಂದರೆ ಅದಕ್ಕೆ ಮುಂಚೆ ಎರಡು ಸಲ ಕೈಗೆ ಬಂದದ್ದು ಬಾಯಿಗೆ ಬಂದಿರಲಿಲ್ಲ. ಎರಡನೆಯ ಸಲ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆ ಹೋಗಬೇಕಾದವಳು ತಾಯಿ. ತಾಯಿ ಇಲ್ಲ, ನಾನು ಹೋದೆ. ಪೆಟ್ಟಿಗೆಯಲ್ಲಿ ಕಾಳುಮೆಣಸಿನ ಪುಡಿ, ಶುಂಠಿ, ಮಗುವಿಗೆ ಬಜೆ. ಜೊತೆಗೆ ನನ್ನ ಸೂಜಿ, ಜೇನುಮೇಣದ ಉಂಡೆ, ಜಯಮ್ಮ ಅರ್ಧ ಬಳಸಿ ಬಿಟ್ಟುಹೋಗಿದ್ದ ದಾರದ ಉರುಳೆ. ಅವನ್ನು ಯಾಕೆ ಇಟ್ಟುಕೊಂಡೆ ಅಂತ ಕೇಳಬೇಡಿ, ಕೈ ಖಾಲಿ ಬಿಟ್ಟು ನನಗೆ ಗೊತ್ತಿಲ್ಲ.

ಅಳಿಯ ನಾಗರಾಜನಿಗೆ ಹತ್ತಿರದ ರೆಂಟನ್ ಊರಿನಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ. ಕೂದಲೆಳೆಯಷ್ಟು ಗೀರು ಇದ್ದರೂ ಕಂಡುಹಿಡಿಯುವ ಕಣ್ಣು ಅವನದು. ಪಕ್ಕದ ಮನೆಯಲ್ಲಿ ಮಾರ್ಗರೆಟ್ ಅಂತ ಎಪ್ಪತ್ತು ದಾಟಿದ ಹೆಂಗಸು, ಒಂಟಿ. ಅವರ ಗಂಡ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ತೀರಿಕೊಂಡಿದ್ದರು. ನಾನು ಬೈಂಡರ್ ಅಂತ ಭಾಗ್ಯ ಹೇಳಿದ್ದೇ ತಡ, ಆ ತಾಯಿ ಬೆನ್ನು ಮುರಿದ ಒಂದು ದಪ್ಪ ಪುಸ್ತಕ ಎದೆಗೆ ಅವುಚಿಕೊಂಡು ಬಂದರು. ಗಂಡ ದಿನಾ ಓದುತ್ತಿದ್ದ ಪುಸ್ತಕವಂತೆ.

ಅವರು ಹೇಳಿದ್ದನ್ನು ಭಾಗ್ಯ ನನಗೆ ಕನ್ನಡದಲ್ಲಿ ಹೇಳಿದಳು. ನಾನೂರು ವರ್ಷದ ಹಿಂದೆ ಇಂಗ್ಲೆಂಡಿನ ರಾಜನ ಆಸ್ಥಾನದಲ್ಲಿ ಒಬ್ಬ ದೊಡ್ಡ ಮನುಷ್ಯ ಇದ್ದನಂತೆ. ದೇಶದೇಶ ಸುತ್ತಿ ರಾಜನ ಕೆಲಸ ಮಾಡುತ್ತಾ, ಸ್ನೇಹಿತರಿಗೆ ಕಾಗದ ಬರೆಯುತ್ತಾ, ಪದ್ಯ ಕಟ್ಟುತ್ತಾ, ಲೇಖನ ಶುರುಮಾಡುತ್ತಾ ಇದ್ದ. ಯಾವುದನ್ನೂ ಪುಸ್ತಕ ಮಾಡಲಿಲ್ಲ. ಅವನು ಸತ್ತ ಮೇಲೆ ಬೇಕಾದವರು ಪೆಟ್ಟಿಗೆ, ಕಪಾಟು ಹುಡುಕಿ ಎಲ್ಲವನ್ನೂ ಕೂಡಿಸಿ ಅಚ್ಚು ಹಾಕಿಸಿದರು. ಆಮೇಲೆ ಇನ್ನಷ್ಟು ಕಾಗದ ಸಿಕ್ಕಿತು, ಪುಸ್ತಕ ದಪ್ಪವಾಯಿತು. ಮತ್ತೆ ಸಿಕ್ಕಿತು, ಮತ್ತೆ ದಪ್ಪವಾಯಿತು. "ಸತ್ತ ಮೇಲೂ ಆ ಮನುಷ್ಯ ಬರೀತಾನೇ ಇದ್ದ ಅಂತ ನನ್ನ ಗಂಡ ತಮಾಷೆ ಮಾಡ್ತಿದ್ರು" ಅಂದರಂತೆ ಮಾರ್ಗರೆಟ್. ನಾನೂ ನಕ್ಕೆ. ಅವರ ಪ್ರತಿ ಅಷ್ಟು ಹಳೆಯದಲ್ಲ, ನೂರು ವರ್ಷದ್ದಿರಬಹುದು. ಮೊದಲು ಕಾಗದಗಳು, ನಡುವೆ ಪದ್ಯ, ಕೊನೆಗೆ ಲೇಖನಗಳು.

ಅಡುಗೆಮನೆಯ ಮೇಜಿನ ಮುಂದೆ ಮೈದಾ ಅಂಟು ಕಲಸಲು ಕೂತಾಗ ಭಾಗ್ಯ ಹೊಟ್ಟೆ ಹಿಡಿದುಕೊಂಡು ಬಂದು ನಿಂತಳು.

"ಅಪ್ಪಾ, ಇಲ್ಲಿಗೆ ಬಂದೂ ಅಂಟು ಕಲಸ್ತಿದೀಯಾ? ಅಮ್ಮ ಇದ್ದಿದ್ರೆ ಬೈತಿದ್ಲು."

"ಅಮ್ಮ ಇದ್ದಿದ್ರೆ ಅವಳೇ ಕಲಸ್ತಿದ್ಲು ಕಣೇ."

ಅವಳು ನನ್ನ ಕೈಯಿಂದ ಸೌಟು ತೆಗೆದುಕೊಂಡು ಅಂಟು ತಿರುವಿದಳು. ಆಮೇಲೆ ಅವಳು ನಿಧಾನವಾಗಿ, "ಈ ಸಲ ಅಮ್ಮ ಇರಬೇಕಿತ್ತು ಅಪ್ಪಾ, ನಂಗೆ ಭಯ ಆಗ್ತಿದೆ" ಅಂದಳು. ನನಗೂ ಭಯವೇ. ಆದರೆ ಅಪ್ಪನಾದವನು ಅದನ್ನು ಹೇಳುವ ಹಾಗಿಲ್ಲವಲ್ಲ.

ಮೂರು ದಿನ ಕಳೆಯಿತು. ಜೂನ್ ತಿಂಗಳು, ಅಲ್ಲಿ ರಾತ್ರಿ ಒಂಬತ್ತಾದರೂ ಬಿಸಿಲು ಹೋಗುವುದಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೋವು ಶುರುವಾಗಿ ನಾಗರಾಜ ಭಾಗ್ಯಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಒಬ್ಬನೇ ಮನೆಯಲ್ಲಿ ಕೂರಲಾರದೆ ಹೊಲಿಗೆಗೆ ಕೂತೆ. ಹಳೆಯ ದಾರ ಬಿಡಿಸಿ, ಫಾರಂಗಳನ್ನು ಪುಟದ ನಂಬರು ನೋಡಿ ಜೋಡಿಸಿಟ್ಟಿದ್ದೆ. ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತದೆ. ಇಪ್ಪತ್ತೆರಡೂ ತಲೆ ಮೇಲಾಗಿ ಸರಿಯಾಗಿದ್ದವು. ಇದನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಾಗದಗಳ ಭಾಗ ಮುಗಿದು ಹನ್ನೊಂದನೆಯ ಫಾರಂ ಹೊಲಿಯುತ್ತಿದ್ದೆ. ಫೋನು ಬಂತು.

"ಮಾವ, ಮಗು ಹಾರ್ಟ್‌ಬೀಟ್ ಇಳೀತಿದೆಯಂತೆ. ಆಪರೇಷನ್ ಅಂತಿದಾರೆ. ನೀವು ಬಂದ್ಬಿಡಿ. ಮಾರ್ಗರೆಟ್‌ಗೆ ಕಾಲ್ ಮಾಡಿದೀನಿ, ಅವರು ಡ್ರೈವ್ ಮಾಡ್ಕೊಂಡು ಕರ್ಕೊಂಡ್ ಬರ್ತಾರೆ."

ಎದ್ದೆ. ಏಳುವಾಗ ನಲವತ್ತು ವರ್ಷದ ಅಭ್ಯಾಸ ಬಾಯಿಗೆ ಬಂದುಬಿಟ್ಟಿತು. ಎದುರಿನ ಖಾಲಿ ಕುರ್ಚಿಯ ಕಡೆಗೆ ಸೂಜಿ ಚಾಚಿ, "ಇವಳೇ, ಇದನ್ನ ಹಿಡಿ" ಅಂದೆ.

ಅಂದ ಮೇಲೆ ಗೊತ್ತಾಯಿತು. ಅಡುಗೆಮನೆ ನಿಶ್ಶಬ್ದವಾಗಿತ್ತು. ಫ್ರಿಜ್ಜಿನ ಗುಂಯ್ ಸದ್ದು ಕೂಡ ಆ ಕ್ಷಣಕ್ಕೆ ನಿಂತಿತು. ಫ್ರಿಜ್ಜು ಆಗಾಗ ನಿಲ್ಲುತ್ತದೆ, ಅದರಲ್ಲೇನೂ ಇಲ್ಲ. ಸೂಜಿಯನ್ನು ಪುಸ್ತಕದ ಮೇಲೆ ಅಡ್ಡ ಇಟ್ಟು ಬಾಗಿಲು ಹಾಕಿಕೊಂಡು ಓಡಿದೆ. ಮನೆಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ನಾಗರಾಜನ ಹತ್ತಿರ, ಒಂದು ನನ್ನ ಜೇಬಿನಲ್ಲಿ.

ಆಸ್ಪತ್ರೆಯಲ್ಲಿ ಮಾರ್ಗರೆಟ್ ನನ್ನ ಪಕ್ಕದಲ್ಲೇ ಕೂತರು. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ವಾತದಿಂದ ಬೆರಳು ಸೊಟ್ಟಗಾಗಿದ್ದ ಅವರ ಕೈ ನನ್ನ ಕೈ ಮೇಲೆ ಇತ್ತು, ಅಷ್ಟೇ. ಸಂಜೆ ಏಳಕ್ಕೆ ನಾಗರಾಜ ಹೊರಗೆ ಬಂದ. ಅವನ ಮುಖ ನೋಡಿಯೇ ನಾನು ಅತ್ತೆ. ಹೆಣ್ಣು. ಎರಡು ಕೇಜಿ ಎಂಟುನೂರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ! ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಲೋಕದ ಮೇಲೆಲ್ಲ ಸಿಟ್ಟು ಮಾಡಿಕೊಂಡಿದ್ದಳು ನಮ್ಮ ರಾಣಿ. ಮಾರ್ಗರೆಟ್ ಮಗುವನ್ನು ನೋಡಿ ಮನೆಗೆ ಹೋದರು. ನಾನೂ ನಾಗರಾಜನೂ ಅಲ್ಲೇ ಕುರ್ಚಿಯಲ್ಲಿ ಕೂತು ಬೆಳಗು ಮಾಡಿದೆವು.

ಮಾರನೆಯ ದಿನ ಹತ್ತು ಗಂಟೆಗೆ ಗಂಜಿ ಮಾಡಿಕೊಂಡು ಹೋಗೋಣ ಅಂತ ಇಬ್ಬರೂ ಮನೆಗೆ ಬಂದೆವು. ನಾಗರಾಜ ಬೀಗ ತೆಗೆದ. ಅಡುಗೆಮನೆಯಲ್ಲಿ ಬಿಸಿಲು ತುಂಬಿತ್ತು. ಮೇಜಿನ ಮೇಲೆ ಪುಸ್ತಕ ಇತ್ತು.

ಹೊಲಿದು ಮುಗಿದಿತ್ತು.

ನಾನು ಬಲಗಡೆ ಇಟ್ಟಿದ್ದ ಮೇಣದ ಉಂಡೆ ಎಡಗಡೆ ಇತ್ತು. ಇಪ್ಪತ್ತೆರಡು ಫಾರಂ ಒಂದರ ಮೇಲೊಂದು ಬಿಗಿಯಾಗಿ ಕೂತಿದ್ದವು. ಹನ್ನೊಂದರವರೆಗೆ ಗಂಟುಗಳು ಬಲಕ್ಕೆ, ಅಲ್ಲಿಂದ ಮೇಲಕ್ಕೆ ಎಡಕ್ಕೆ. ಎರಡು ಕಡೆಯಿಂದ ಗಾಳಿ ಬೀಸಿದ ಪೈರಿನ ಹಾಗೆ. ದಾರದ ಕೊನೆ ಕತ್ತರಿಯಲ್ಲಿ ಕತ್ತರಿಸಿದ್ದಲ್ಲ, ಚಪ್ಪಟೆಯಾಗಿ ಎಳೆ ಬಿಟ್ಟಿತ್ತು. ಮುಟ್ಟಿದೆ. ಒದ್ದೆಯಿತ್ತು ಅಂತ ಬರೆಯಲು ನನಗೆ ಧೈರ್ಯವಿಲ್ಲ. ತಣ್ಣಗಿತ್ತು.

ನಾಗರಾಜ ಹೆಗಲ ಮೇಲಿಂದ ಬಗ್ಗಿ ನೋಡಿದ. ಅವನಿಗೆ ಏನೂ ಗೊತ್ತಿಲ್ಲ, ಅವನ ಕಣ್ಣಿಗೆ ಮಾತ್ರ ಗೊತ್ತಾಯಿತು. "ಏನ್ ಮಾವ, ಇಲ್ಲೀವರೆಗೂ ಒಬ್ರು, ಇಲ್ಲಿಂದ ಇನ್ನೊಬ್ರು ಮಾಡಿದಂಗಿದೆ? ಶಿಫ್ಟ್ ಚೇಂಜ್ ಆಗಿದೆ" ಅಂತ ನಕ್ಕು ಹಾಲು ಕಾಯಿಸಲು ಹೋದ. ನಾನು ಎದುರಿನ ಕುರ್ಚಿ ನೋಡಿದೆ. ಮೇಜಿನೊಳಕ್ಕೆ ತಳ್ಳಿಟ್ಟಿದ್ದ ಕುರ್ಚಿ ಸ್ವಲ್ಪ ಹೊರಗೆ ಬಂದಿತ್ತು. ಬಾಣಂತಿಗೆ ಗಂಜಿ ಒಯ್ಯಬೇಕಾಗಿತ್ತು, ಕುರ್ಚಿಯನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋಗಿ ಅಕ್ಕಿ ತೊಳೆದೆ.

ಕಟ್ಟುವ ಮುಂಚೆ ಪುಟ ತಿರುಗಿಸಿ ನೋಡುವುದು ನಮ್ಮ ನಿಯಮ. ನಾನು ನೋಡಲಿಲ್ಲ. ಏನಾದರೂ ತಪ್ಪಿದ್ದರೆ ಆ ಹೊಲಿಗೆ ಬಿಡಿಸಬೇಕಾಗುತ್ತದಲ್ಲ ಅಂತ. ಭಾಗ್ಯ ಮನೆಗೆ ಬಂದ ಮೇಲೆ ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಹಾಕಿ, ಒಣಗಿಸಿ, ಮಾರ್ಗರೆಟ್ ಮಗು ನೋಡಲು ಬಂದಾಗ ಕೊಟ್ಟೆ. ಅವರು ಸವರಿದರು, ಮೂಸಿದರು, ಪುಟ ತಿರುಗಿಸಿದರು. ಕೊನೆಗೆ ಬಂದು ನಿಂತರು. ಪುಸ್ತಕವನ್ನು ತಿರುಗಿಸಿ ಹಿಡಿದು ಏನೋ ಹೇಳಿದರು.

"ಕೊನೇ ಹದಿನಾರು ಪುಟ ತಲೆಕೆಳಗಾಗಿದೆಯಂತೆ ಅಪ್ಪಾ" ಅಂದಳು ಭಾಗ್ಯ. ಅಂದವಳು ಮಗುವಿಗೆ ಹಾಲು ಕೊಡುತ್ತಿದ್ದ ಹಾಗೇ ನನ್ನ ಮುಖ ನೋಡಿದಳು. ಆ ಹಳೆಯ ತಮಾಷೆ ಅವಳಿಗೂ ಗೊತ್ತು. ನಾನು ಕಣ್ಣು ತಪ್ಪಿಸಿದೆ.

ಬಿಚ್ಚಿ ಸರಿ ಮಾಡಿಕೊಡುತ್ತೇನೆ ಅಂತ ಬಾಯಲ್ಲಿ ಹೇಳಿದೆ, ಕೈ ಮುಂದೆ ಬರಲಿಲ್ಲ. ಮಾರ್ಗರೆಟ್ ತಲೆಯಾಡಿಸಿದರು. ಆ ಪುಟಗಳಲ್ಲಿರುವುದು ಮಕ್ಕಳನ್ನು ಬೆಳೆಸುವುದು ಹೇಗೆ ಅಂತ ಆ ಆಸ್ಥಾನದ ಮನುಷ್ಯ ಶುರುಮಾಡಿ ಮುಗಿಸದೆ ಹೋದ ಲೇಖನವಂತೆ. ಅವನ ಕಾಗದಗಳನ್ನು ಕೂಡಿಸಿದವರೂ ಎಷ್ಟೋ ಹಿಂದುಮುಂದು ಮಾಡಿದ್ದಾರೆ, ಪ್ರೀತಿಯಿಂದ ಮಾಡಿದ್ದು, ಹೀಗೇ ಇರಲಿ ಅಂದರಂತೆ. ಅಲ್ಲಿಗೆ ಬಂದಾಗ ತಾನೇ ತಲೆಕೆಳಗಾಗಿ ನಿಂತು ಓದುತ್ತೇನೆ ಅಂತಲೂ ಹೇಳಿ ನಗಿಸಿದರು.

ಗಾಬರಿಯಲ್ಲಿ ನಾನೇ ಹೊಲಿದು ಮರೆತೆನೇ ಅಂತ ಬಹಳ ಯೋಚನೆ ಮಾಡಿದ್ದೇನೆ. ಎಡಗೈಯಲ್ಲಿ ಹೊಲಿದು ನೋಡಿದೆ, ಎರಡು ಫಾರಂಗೆ ಹಾಳೆ ಹರಿಯಿತು. ಬೇರೆ ಯಾರೂ ಒಳಗೆ ಬಂದಿರಲಾರರು. ಬಂದರೂ ಪುಸ್ತಕ ಹೊಲಿದು ಹೋಗುವ ಕಳ್ಳ ಎಲ್ಲಿದ್ದಾನೆ?

ಮೈಸೂರಿಗೆ ಬಂದ ಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ದಿನ ಬೇಕೆಂದೇ ಒಂದು ಪುಸ್ತಕ ಅರ್ಧ ಹೊಲಿದೆ. ಅದೇ ಉರುಳೆಯ ದಾರ. ಎದುರಿಗೆ ಅವಳ ಮಣೆ ಹಾಕಿದೆ. "ಇವಳೇ, ಇದನ್ನ ಹಿಡಿ" ಅಂತ ಹೇಳಿ ಎದ್ದು ಹೋಗಿ ಮಾರುಕಟ್ಟೆಯಲ್ಲಿ ಸುಮ್ಮನೆ ಸುತ್ತಿ ಬಂದೆ. ಪುಸ್ತಕ ಹಾಗೇ ಇತ್ತು, ಸೂಜಿ ಹಾಗೇ ಇತ್ತು. ಸುಮ್ಮಸುಮ್ಮನೆ ಕರೆದರೆ ಬರುವವಳಲ್ಲ ಅವಳು, ಬದುಕಿದ್ದಾಗಲೂ.

ಅದನ್ನು ನಾನು ಇನ್ನೂ ಹೊಲಿದು ಮುಗಿಸಿಲ್ಲ. ಸೂಜಿ ಸಮೇತ ಆ ಮಣೆಯ ಮುಂದೆಯೇ ಇದೆ. ಅರ್ಧ ಹೊಲಿದ ಪುಸ್ತಕ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಗೊತ್ತು.